ಸ್ಪೈಕ್ ಸಾರ್ಟಿಂಗ್: ಮನೆಯ ಲ್ಯಾಪ್‌ಟಾಪಿನಲ್ಲೇ ಕಲಿಯುವುದು ಹೇಗೆ

ಮೆದುಳಿನಲ್ಲಿ ಎಲೆಕ್ಟ್ರೋಡ್ ಇಟ್ಟು ರೆಕಾರ್ಡ್ ಮಾಡಿದರೆ ಹಲವು ನ್ಯೂರಾನ್‌ಗಳ (ನರಕೋಶಗಳ) ಸ್ಪೈಕ್‌ಗಳು, ಅಂದರೆ ಚುಟುಕು ವಿದ್ಯುತ್ ಮಿಡಿತಗಳು, ಬೆರೆತು ಬರುತ್ತವೆ. ಯಾವುದು ಯಾವ ನ್ಯೂರಾನಿನದ್ದು ಎಂದು ಬೇರ್ಪಡಿಸುವುದೇ ಸ್ಪೈಕ್ ಸಾರ್ಟಿಂಗ್. ಇದನ್ನು ಕಲಿಯಲು ಇಲಿ ಬೇಡ, ಲ್ಯಾಬ್ ಬೇಡ. ಬದಿಯಡ್ಕದ ಮನೆಯ ಚಾವಡಿಯಲ್ಲಿ ಕೂತೂ ಕಲಿಯಬಹುದು. ಪೈಥಾನ್ ಸ್ವಲ್ಪ ಗೊತ್ತಿದ್ದರೆ ಸ್ಪೈಕ್‌ಇಂಟರ್‌ಫೇಸ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಅದರಲ್ಲೇ ನಕಲಿ ರೆಕಾರ್ಡಿಂಗ್ ಮಾಡಬಹುದು. ಯಾವ ಸ್ಪೈಕ್ ಯಾವ ನ್ಯೂರಾನಿನದ್ದು ಎಂಬ ಉತ್ತರ ಅದರಲ್ಲಿ ಮೊದಲೇ ಇರುತ್ತದೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಹಾಗಾಗಿ ಒಂದೆರಡು ನಿಮಿಷದ ಡೇಟಾ ಸಾಕು.

ಯಕ್ಷಗಾನದ ಹಿಮ್ಮೇಳದ ಎದುರು ನಾಲ್ಕು ಮೈಕ್ ಇಟ್ಟರೆ ಚೆಂಡೆ, ಮದ್ದಳೆ, ಜಾಗಟೆ ಎಲ್ಲವೂ ಎಲ್ಲ ಮೈಕಿನಲ್ಲೂ ಕೇಳುತ್ತದೆ, ಆದರೆ ಒಂದೊಂದರಲ್ಲಿ ಒಂದೊಂದು ಜೋರು, ಅಲ್ವಾ? ಎಲೆಕ್ಟ್ರೋಡುಗಳಲ್ಲೂ ಹಾಗೆಯೇ. ಒಂದು ನ್ಯೂರಾನಿನ ಸ್ಪೈಕ್ ಯಾವ ಚಾನೆಲ್‌ನಲ್ಲಿ (ಅಂದರೆ ಯಾವ ಎಲೆಕ್ಟ್ರೋಡಿನಲ್ಲಿ) ಎಷ್ಟು ದೊಡ್ಡದು, ಆಕಾರ ಹೇಗೆ ಎಂಬುದೇ ಅದರ ಗುರುತು.

ಮೊದಲು ಕೆಟ್ಟ ಚಾನೆಲ್ ತೆಗೆಯಿರಿ. ಆಮೇಲೆ 300ರಿಂದ 6000 ಹರ್ಟ್ಸ್ ಫಿಲ್ಟರ್ ಹಾಕಿ. ನಿಧಾನದ ಅಲೆಗಳೂ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯೂ ಬಹುಪಾಲು ಹೋಗುತ್ತವೆ. ಆಯಾ ಕ್ಷಣದಲ್ಲಿ ಎಲ್ಲ ಚಾನೆಲ್‌ಗಳ ಮೀಡಿಯನ್ (ಸಾಲಾಗಿಟ್ಟರೆ ನಟ್ಟನಡುವಿನ ಬೆಲೆ) ಕಳೆದುಬಿಡಿ, ಎಲ್ಲದರಲ್ಲೂ ಒಟ್ಟಿಗೆ ಬರುವ ಗದ್ದಲ ತಗ್ಗುತ್ತದೆ.

ಸ್ಪೈಕ್ ಹಿಡಿಯಲು ಮಿತಿ (ಅದನ್ನು ದಾಟಿದ್ದು ಮಾತ್ರ ಸ್ಪೈಕ್) ಇಡುವಾಗ ಗದ್ದಲ ಅಳೆಯಲು ಸ್ಟ್ಯಾಂಡರ್ಡ್ ಡೀವಿಯೇಷನ್ ನಂಬಬೇಡಿ. ನ್ಯೂರಾನ್‌ಗಳು ಜಾಸ್ತಿ ಫೈರ್ ಆದಷ್ಟೂ (ಸ್ಪೈಕ್ ಹೊರಡಿಸಿದಷ್ಟೂ) ಅದೇ ಉಬ್ಬುತ್ತದೆ, ಮಿತಿ ಮೇಲೇರುತ್ತದೆ, ಸಣ್ಣ ಸ್ಪೈಕ್‌ಗಳು ತಪ್ಪಿಹೋಗುತ್ತವೆ. ಸಿಗ್ನಲ್‌ನ ಪ್ಲಸ್-ಮೈನಸ್ ಚಿಹ್ನೆ ಬಿಟ್ಟು ಮೀಡಿಯನ್ ತೆಗೆದು 0.6745ರಿಂದ ಭಾಗಿಸಿ, ಅದರ 4 ಅಥವಾ 5 ಪಟ್ಟು ಇಡಿ.

ಪ್ರತಿ ಸ್ಪೈಕಿನ ಸುತ್ತ ಸುಮಾರು 2 ಮಿಲಿಸೆಕೆಂಡ್ ಕತ್ತರಿಸಿ, ಪಿಸಿಎ (ಆಕಾರವನ್ನು ಕೆಲವೇ ಅಂಕಿಗಳಿಗೆ ಇಳಿಸುವ ಲೆಕ್ಕ) ಮಾಡಿ, ಗುಂಪು ಮಾಡುವುದು ಹಳೆಯ ದಾರಿ. ಕಲಿಯಲು ಅದೇ ಒಳ್ಳೆಯದು. ಆದರೆ ಎರಡು ಸ್ಪೈಕ್ ಒಂದರ ಮೇಲೊಂದು ಬಿದ್ದರೆ ಅದು ಸೋಲುತ್ತದೆ. ಕಿಲೋಸಾರ್ಟ್‌ನಂಥ ಸಾಫ್ಟ್‌ವೇರ್‌ಗಳು ಟೆಂಪ್ಲೇಟ್ (ಪ್ರತಿ ನ್ಯೂರಾನಿನ ಮಾದರಿ ಆಕಾರ) ಹೊಂದಿಸಿ ಬಿಡಿಸುತ್ತವೆ, ಅದಕ್ಕೆ ಒಳ್ಳೆ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಇದ್ದರೆ ಚೆನ್ನ. ಇಲ್ಲದಿದ್ದರೆ ಮೌಂಟನ್‌ಸಾರ್ಟ್ ಎಂಬುದನ್ನು ಬಳಸಿ.

ನಿಜವಾದ ಕೆಲಸ ಇಲ್ಲಿಂದ ಶುರು. ಬಣ್ಣಬಣ್ಣದ ಗುಂಪು ಬಂದ ಮಾತ್ರಕ್ಕೆ ಅವೆಲ್ಲ ನ್ಯೂರಾನ್ ಅಲ್ಲ. ಒಂದು ನ್ಯೂರಾನ್ ಫೈರ್ ಆದ ಕೂಡಲೇ, ಒಂದೆರಡು ಮಿಲಿಸೆಕೆಂಡ್‌ನೊಳಗೆ, ಮತ್ತೆ ಫೈರ್ ಆಗುವುದು ತೀರಾ ಅಪರೂಪ. ಹಾಗಾಗಿ ಆಟೋಕೋರಿಲೋಗ್ರಾಮ್‌ನ (ಒಂದೇ ಗುಂಪಿನ ಸ್ಪೈಕ್‌ಗಳ ನಡುವಿನ ಸಮಯದ ಅಂತರಗಳ ಚಿತ್ರ) ನಡುವೆ, ಅಂದರೆ ಸೊನ್ನೆಯ ಹತ್ತಿರ, ಖಾಲಿ ಇರಬೇಕು. ತುಂಬಿದ್ದರೆ ಒಂದಕ್ಕಿಂತ ಹೆಚ್ಚು ನ್ಯೂರಾನ್ ಬೆರೆತಿವೆ, ಇಲ್ಲವೇ ಗದ್ದಲ ಸೇರಿದೆ. ಖಾಲಿ ಇದ್ದರೂ ಹಿಗ್ಗಬೇಡಿ, ಅಪರೂಪಕ್ಕೆ ಫೈರ್ ಆಗುವ ಎರಡು ಬೆರೆತರೂ ಖಾಲಿಯೇ ಕಾಣಬಹುದು.

ಒಂದೇ ನ್ಯೂರಾನ್ ಎರಡು ಗುಂಪಾಗುವುದೂ ಉಂಟು. ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದ ಕೆಲವು ನ್ಯೂರಾನ್‌ಗಳು ಸಾಲಾಗಿ ಫೈರ್ ಆಗುವಾಗ ಸ್ಪೈಕ್ ಚಿಕ್ಕದಾಗುತ್ತಾ ಹೋಗುತ್ತದೆ. ಎಲೆಕ್ಟ್ರೋಡ್ ಜರುಗಿದರೂ ಗಾತ್ರ ಬದಲಾಗುತ್ತದೆ, ಸಮಯಕ್ಕೆ ಎದುರಾಗಿ ಗಾತ್ರದ ಚಿತ್ರ ಹಾಕಿದರೆ ಗೊತ್ತಾಗುತ್ತದೆ. ಆಕಾರ ಹೋಲುವ ಎರಡು ಗುಂಪುಗಳ ಕ್ರಾಸ್‌ಕೋರಿಲೋಗ್ರಾಮ್ (ಒಂದರ ಸ್ಪೈಕಿಗೂ ಇನ್ನೊಂದರದ್ದಕ್ಕೂ ಇರುವ ಅಂತರಗಳ ಚಿತ್ರ) ನಡುವೆ ಕುಸಿದಿದ್ದರೆ ಒಂದುಗೂಡಿಸಿ.

ಯಾವುದೂ ಸ್ಪಷ್ಟವಾಗದಿದ್ದರೆ ಸುಮ್ನೆ ‘ಮಲ್ಟಿ ಯುನಿಟ್’ (ಹಲವು ನ್ಯೂರಾನ್ ಬೆರೆತದ್ದು) ಎಂದು ಗುರುತು ಹಾಕಿ ಮುಂದೆ ಹೋಗಿ. ಕೊನೆಗೆ ನಕಲಿ ಡೇಟಾದ ಉತ್ತರದೊಂದಿಗೆ ಹೋಲಿಸಿ ನೋಡಿ, ಯಾವ ಗುಂಪಿನಲ್ಲಿ ನಿಮ್ಮ ಕಣ್ಣು ತಪ್ಪಿತು ಎಂದು ತಿಳಿಯುತ್ತದೆ.