ಸವೆದ ಆಂಟನಿ ನಾಣ್ಯದಲ್ಲಿ ಲೀಜನ್ ಸಂಖ್ಯೆ ಓದುವ ಬಗೆ: ನನ್ನ ಅನುಭವ

ಆಕ್ಟೇವಿಯನ್ ಎದುರಿನ ಆಕ್ಟಿಯಂ ಕದನಕ್ಕೆ ಮುನ್ನ, ಕ್ರಿ.ಪೂ. 32–31ರಲ್ಲಿ, ರೋಮನ್ ಸೇನಾನಿ ಮಾರ್ಕ್ ಆಂಟನಿ ತನ್ನ ಲೀಜನ್, ಅಂದರೆ ಸೇನಾ ದಳಗಳ ಸೈನಿಕರ ಸಂಬಳಕ್ಕೆಂದು ಹೊಡೆಸಿದ ಬೆಳ್ಳಿ ನಾಣ್ಯಗಳಾದ ಡಿನೇರಿಯಸ್‌ಗಳು ನನ್ನ ಕೈಗೆ ಬರುವುದು ಹೆಚ್ಚಾಗಿ ಸವೆದ ಸ್ಥಿತಿಯಲ್ಲೇ. ಬೆಳ್ಳಿಗೆ ತಾಮ್ರ ಹೆಚ್ಚು ಬೆರೆಸಿದ್ದರಿಂದ ಕರಗಿಸಿದರೆ ಲಾಭವಿರಲಿಲ್ಲ. ಹಾಗಾಗಿ ಕ್ರಿ.ಶ. 2ನೇ ಶತಮಾನದಲ್ಲೂ ಅವು ಚಲಾವಣೆಯಲ್ಲಿದ್ದವು.

ಒಂದು ಮುಖದಲ್ಲಿ ಯುದ್ಧನೌಕೆ, ಅದರ ಮೇಲೆ ‘ಆಂಟ್ ಆಗ್’. ಹೊಸಬರು ‘ಆಗ್’ ನೋಡಿ ಅಗಸ್ಟಸ್ ಎಂದು ಬರೆದುಬಿಡುತ್ತಾರೆ. ಅದು ಆಗರ್, ಅಂದರೆ ಶಕುನ ನೋಡುವ ಪುರೋಹಿತ ಪದವಿ. ಆಂಟನಿಯ ಎದುರಾಳಿ ಆಕ್ಟೇವಿಯನ್‌ಗೆ ಅಗಸ್ಟಸ್ ಬಿರುದು ಸಿಕ್ಕಿದ್ದು ಕ್ರಿ.ಪೂ. 27ರಲ್ಲಿ. ನೌಕೆಯ ಕೆಳಗೆ ಟ್ರಯಂವಿರ್, ಅಂದರೆ ರೋಮ್ ಆಳಿದ ಮೂವರು ಅಧಿಕಾರಿಗಳ ಕೂಟದ ಸದಸ್ಯ ಎಂಬ ಪದವಿ ಇದೆ. ಆಕ್ಟೇವಿಯನ್ ಜೊತೆಗಿನ ಒಪ್ಪಂದ ಮುರಿದುಬಿದ್ದ ಮೇಲೂ ಆಂಟನಿ ಅದನ್ನು ಬಿಡಲಿಲ್ಲ. ನನಗೆ ಈ ನಾಣ್ಯದ ರಾಜಕೀಯವೆಲ್ಲ ಆ ಒಂದು ಸಾಲಿನಲ್ಲಿದೆ.

ಹಿಂಬದಿಯಲ್ಲಿ ಎರಡು ಧ್ವಜಗಳ ನಡುವೆ ಹದ್ದು. ಸಾಮಾನ್ಯವಾಗಿ ಹದ್ದಿನ ಕೋಲಿನ ಎಡಕ್ಕೆ ‘ಲೆಗ್’ (ಲೀಜನ್‌ನ ಸಂಕ್ಷೇಪ), ಬಲಕ್ಕೆ ರೋಮನ್ ಅಂಕಿಯಲ್ಲಿ ಅದರ ಸಂಖ್ಯೆ. ಕೋಣೆ ಕತ್ತಲು ಮಾಡಿ ಒಂದೇ ಎಲ್‌ಇಡಿಯನ್ನು ಮೇಜಿನಿಂದ 10–15 ಡಿಗ್ರಿ ಎತ್ತರದಲ್ಲಿ ಇಡುತ್ತೇನೆ. ಸಂಖ್ಯೆಯ ಗೀಟುಗಳು ನೆಟ್ಟಗಿರುವುದರಿಂದ ಬೆಳಕು ಪಕ್ಕದಿಂದಲೇ ಬೀಳಬೇಕು. ಮೇಲಿನಿಂದ ಬಿದ್ದರೆ ಗೀಟು ಮಾಯ. ವಿ, ಎಕ್ಸ್‌ಗಳ ಓರೆಗೀಟಿಗೆ ನಾಣ್ಯವನ್ನು 45 ಡಿಗ್ರಿ ತಿರುಗಿಸಿ ಮತ್ತೆ ನೋಡಬೇಕು.

ಹೆಚ್ಚು ಮೋಸ ಮಾಡುವುದು ಹಿಂದೆ ಬೆಳ್ಳಿ ಅಸಲಿಯೇ ಎಂದು ನೋಡಲು ಪರೀಕ್ಷಕರು ಒತ್ತಿದ ಸಣ್ಣ ಮುದ್ರೆಗಳು. ಅಕ್ಷರ ಉಬ್ಬಿರುತ್ತದೆ, ಮುದ್ರೆ ತಗ್ಗಿರುತ್ತದೆ. ಎಡದಿಂದ ಬೆಳಕು ಬಿಟ್ಟಾಗ ಉಬ್ಬಿನ ನೆರಳು ಬಲಕ್ಕೆ ಬೀಳುತ್ತದೆ. ತಗ್ಗಿನಲ್ಲಿ ಎಡ ಅಂಚೇ ಕಪ್ಪಾಗುತ್ತದೆ. ಕೊನೆಯ ಗೀಟು ಬಲಧ್ವಜದ ಕೋಲಿಗೆ ಅಂಟಿಕೊಂಡು 7 ಎಂಬುದು 6 ಆಗಿ ಕಾಣುವುದೂ ಉಂಟು. ಫೋಟೊ ದೊಡ್ಡದು ಮಾಡಿ, ಕಾಣುವ ಗೀಟುಗಳ ಅಂತರ ಅಳೆದು, ಕೋಲಿನವರೆಗೆ ಇನ್ನೊಂದಕ್ಕೆ ಜಾಗವಿದೆಯೇ ನೋಡುತ್ತೇನೆ. 23ಕ್ಕಿಂತ ದೊಡ್ಡ ಸಂಖ್ಯೆ ಕಂಡರೆ ಕೆತ್ತಿ ತಿದ್ದಿರಬಹುದೆಂದು ಲೆನ್ಸ್ ಕೆಳಗೆ ಗೀರು ಹುಡುಕುತ್ತೇನೆ.

ಒಳಗೆ ತಾಮ್ರವಿಟ್ಟು ಬೆಳ್ಳಿ ಹೊದಿಸಿದ ನಾಣ್ಯವೇ ಎಂಬ ಅನುಮಾನಕ್ಕೆ ನೀರಿನಲ್ಲಿ ತೂಗುತ್ತೇನೆ; ತಾಮ್ರ ಬೆಳ್ಳಿಗಿಂತ ಹಗುರ. 3.5 ಗ್ರಾಂ ನಾಣ್ಯ ನೀರಿನಲ್ಲಿ ಕಳೆದುಕೊಳ್ಳುವುದು ಸುಮಾರು 0.35 ಗ್ರಾಂ ಮಾತ್ರ. 0.01 ಗ್ರಾಂ ತಕ್ಕಡಿಯ ತಪ್ಪೇ ಶೇ 3ರಷ್ಟಾಗುತ್ತದೆ, 0.001 ಗ್ರಾಂನದ್ದೇ ಬೇಕು. ಗಾಳಿಗುಳ್ಳೆ ಅಂಟಿದ್ದರೆ ಅಸಲಿಯೂ ಹಗುರವಾಗಿ ತೋರುತ್ತದೆ. ಕುದಿಸಿ ಆರಿಸಿದ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಗುಳ್ಳೆ ನಿಲ್ಲುವುದಿಲ್ಲ.

ಇಷ್ಟಾದರೂ ಗೀಟು ಖಚಿತವಾಗದಿದ್ದರೆ ಲಕೋಟೆಯ ಮೇಲೆ ‘6 ಅಥವಾ 7’ ಎಂದೇ ಬರೆದಿಡುತ್ತೇನೆ.