ಸ್ಪ್ಯಾನಿಷ್‌ನಲ್ಲಿ ಸ್ಯಾಂಡ್‌ವಿಚ್ ಕೇಳುವುದು: ಮುಂಬೈ ಸಸ್ಯಾಹಾರಿಗಳಿಗೆ

ಸ್ಪೇನ್‌ನ ಬಾರ್‌ನಲ್ಲಿ ‘ಸಾಂದ್ವಿಚ್ ಬೆಹೆತಾಲ್’ ಎಂಬ ಹೆಸರು ನೋಡಿ ನಮ್ಮ ವೆಜ್ ಸ್ಯಾಂಡ್‌ವಿಚ್ ಎಂದುಕೊಳ್ಳಬೇಡಿ. ಲೆಟ್ಯೂಸ್, ಟೊಮೆಟೊ ಜೊತೆಗೆ ಬೇಯಿಸಿದ ಮೊಟ್ಟೆ, ಮಯೊನೇಸ್, ಎಷ್ಟೋ ಕಡೆ ಟ್ಯೂನಾ ಮೀನೂ ಇರುತ್ತದೆ. ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ, ಎಂದರೂ ಸಾಲದು. ಹ್ಯಾಮ್, ಮೀನು ಆ ಲೆಕ್ಕಕ್ಕೆ ಬರದೇ ಹೋಗಬಹುದು. ಬೇಡದ್ದನ್ನು ಒಂದೊಂದಾಗಿ ಹೆಸರು ಹಿಡಿದೇ ಹೇಳಬೇಕು: ‘ಸಿನ್ ಹಾಮೋನ್, ಸಿನ್ ಅತೂನ್, ಸಿನ್ ವೇಬೊ’ (ಹ್ಯಾಮ್, ಟ್ಯೂನಾ, ಮೊಟ್ಟೆ ಬೇಡ). ಮೊದಲೇ ‘ಸೊಯ್ ಬೆಹೆತಾರಿಯಾನೊ’ ಎನ್ನಿ; ಹೆಂಗಸರಾದರೆ ‘ಬೆಹೆತಾರಿಯಾನಾ’.

ಸ್ಪೇನ್‌ನಲ್ಲಿ ಚೌಕ ಬ್ರೆಡ್ಡಿನದು ಮಾತ್ರ ಸಾಂದ್ವಿಚ್. ಉದ್ದನೆಯ, ಗಟ್ಟಿ ಸಿಪ್ಪೆಯ ಬ್ರೆಡ್ಡಿನದು ಬೊಕಾದೀಯೊ. ಕೇಳುವುದು ಹೀಗೆ: ‘ಮೆ ಪೋನೆ ಉನ್ ಬೊಕಾದೀಯೊ ದೆ ಕೇಸೊ ಕೊನ್ ತೊಮಾತೆ, ಪೊರ್ ಫಾಬೋರ್.’ ಚೀಸ್, ಟೊಮೆಟೊ ಹಾಕಿ ಒಂದು ಕೊಡಿ ಎಂದರ್ಥ. ಮೆಕ್ಸಿಕೊದಲ್ಲಾದರೆ ‘ಮೆ ದಾ ಉನಾ ತೋರ್ತಾ’; ತೋರ್ತಾ ಎಂದರೆ ಅಲ್ಲಿನ ಸ್ಯಾಂಡ್‌ವಿಚ್. ‘ತೊರ್ತೀಯಾ’ ಮೆಕ್ಸಿಕೊದಲ್ಲಿ ಮೆಕ್ಕೆಜೋಳದ ರೊಟ್ಟಿ, ಸ್ಪೇನ್‌ನಲ್ಲಿ ಆಲೂಗಡ್ಡೆ ಹಾಕಿದ ಮೊಟ್ಟೆಯ ಆಮ್ಲೆಟ್.

ಬೆಣ್ಣೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸ್ಪೇನ್, ಮೆಕ್ಸಿಕೊದಲ್ಲಿ ಬೆಣ್ಣೆಗೆ ‘ಮಾಂತೆಕೀಯಾ’ ಎನ್ನುತ್ತಾರೆ; ‘ಮಾಂತೇಕಾ’ ಎಂದರೆ ಹಂದಿ ಕೊಬ್ಬು. ಅರ್ಜೆಂಟೀನಾದಲ್ಲಾದರೆ ಮಾಂತೇಕಾ ಎಂದರೆ ಬೆಣ್ಣೆಯೇ. ಮೆಕ್ಸಿಕೊದ ತೋರ್ತಾಕ್ಕೆ ಬಳಿಯುವ ಬೀನ್ಸ್‌ನ್ನು ಹಂದಿ ಕೊಬ್ಬಿನಲ್ಲಿ ಹುರಿದಿರಬಹುದು. ‘ಯೇಬಾನ್ ಮಾಂತೇಕಾ ಲೊಸ್ ಫ್ರಿಹೋಲೆಸ್?’ ಎಂದು ಕೇಳಿಯೇ ತಿನ್ನಿ.

ಅಭ್ಯಾಸಕ್ಕೆ ಮಾಟುಂಗದ ಫುಟ್‌ಪಾತ್ ಸ್ಯಾಂಡ್‌ವಿಚ್‌ವಾಲಾನ ಕೈ ನೋಡುತ್ತಾ ಪದರ ಪದರವಾಗಿ ಹೇಳಿಕೊಳ್ಳಿ: ಬ್ರೆಡ್ ‘ಪಾನ್ ದೆ ಮೋಲ್ದೆ’, ಮೇಲೆ ಮಾಂತೆಕೀಯಾ, ಹಸಿರು ಚಟ್ನಿಗೆ ‘ಸಾಲ್ಸಾ ದೆ ಸಿಲಾಂತ್ರೊ’, ಬೇಯಿಸಿದ ಆಲೂಗಡ್ಡೆ ‘ಪಾಪಾ’ (ಸ್ಪೇನ್‌ನಲ್ಲಿ ‘ಪತಾತಾ’), ಸೌತೆಕಾಯಿ ‘ಪೆಪೀನೊ’, ಈರುಳ್ಳಿ ‘ಸೆಬೋಯಾ’. ಬೀಟ್‌ರೂಟ್ ಊರಿಗೊಂದು ಹೆಸರು: ಸ್ಪೇನ್‌ನಲ್ಲಿ ‘ರೆಮೊಲಾಚಾ’, ಮೆಕ್ಸಿಕೊದಲ್ಲಿ ‘ಬೆತಾಬೆಲ್’. ಸೇವ್‌ಗೆ ಅಲ್ಲಿ ಹೆಸರೇ ಇಲ್ಲ, ಬಿಡಿ.

ಉಚ್ಚಾರಣೆಯಲ್ಲಿ ಕನ್ನಡದವರಿಗೆ ಅರ್ಧ ಕೆಲಸ ಆಗಿಯೇ ಇದೆ. ಸ್ಪ್ಯಾನಿಷ್‌ನ ತ, ದ ನಮ್ಮವೇ. ಇಂಗ್ಲಿಷ್ ಅಭ್ಯಾಸದಿಂದ ‘ಟೊಮಾಟೆ’ ಎನ್ನುವುದನ್ನು ಬಿಟ್ಟರೆ ಸಾಕು. ಸ್ಪೇನ್‌ನ ಹೆಚ್ಚಿನ ಕಡೆ ಸೆಬೋಯಾದ ‘ಸೆ’ಯನ್ನು ನಾಲಿಗೆ ಹಲ್ಲಿನ ನಡುವೆ ಇಟ್ಟು ಊದಿ ಹೇಳುತ್ತಾರೆ. ಹಾಗೆ ಹೇಳದಿದ್ದರೂ ಅರ್ಥವಾಗುತ್ತದೆ.

ಟೋಸ್ಟ್ ಮಾಡಿಸಲು ‘ತೊಸ್ತಾದೊ’, ಪಾರ್ಸೆಲ್‌ಗೆ ‘ಪಾರಾ ಯೆಬಾರ್’. ಸ್ಪೇನ್‌ನ ಬಾರ್‌ಗಳಲ್ಲಿ ಸಾಮಾನ್ಯವಾಗಿ ತಿಂದಾದ ಮೇಲೆ ದುಡ್ಡು. ಆಗ ‘ಮೆ ಕೋಬ್ರಾ?’ ಎನ್ನಿ. ಹಾವಿಗೂ ಅದಕ್ಕೂ ಸಂಬಂಧವಿಲ್ಲ, ‘ದುಡ್ಡು ತಗೊಳ್ತೀರಾ’ ಎಂದಷ್ಟೇ.