ಗೂಡು ಬಿಚ್ಚುತ್ತ ಕಲಿಸಿದ ಏಷ್ಯಾ

ನಾನು ಸಮಾಜ ವಿಜ್ಞಾನ ಕಲಿಸುವ ಪ್ರೌಢಶಾಲೆ ರಾಮನಗರದ ಸುತ್ತಲಿನ ರೇಷ್ಮೆ ಸೀಮೆಯಲ್ಲಿದೆ. ಅರ್ಧಕ್ಕರ್ಧ ಮಕ್ಕಳ ಮನೆಗಳಲ್ಲಿ ಹುಳು ಸಾಕುತ್ತಾರೆ. ಉಳಿದವರಲ್ಲಿ ಹಲವರ ತಾಯಂದಿರು ರೇಷ್ಮೆ ನೂಲಿನ ಕಾರ್ಖಾನೆಗಳಾದ ಫಿಲೇಚರ್‌ಗಳಲ್ಲಿ ನೂಲು ಬಿಚ್ಚುತ್ತಾರೆ. ಹುಳು ಎಷ್ಟನೇ ಜ್ವರಕ್ಕೆ (ಪೊರೆ ಕಳಚುವ ಹಂತಕ್ಕೆ) ಕೂತಿದೆ, ಯಾವಾಗ ಹಣ್ಣಾಗಿ ಗೂಡು ಕಟ್ಟುತ್ತದೆ ಎಂದು ನೋಡಿದ ತಕ್ಷಣ ಹೇಳಬಲ್ಲ ಈ ಮಕ್ಕಳಿಗೆ ಚೀನಾ, ಜಪಾನ್, ಕೊರಿಯಾ ಎಂದರೆ ಮೊಬೈಲ್ ಮತ್ತು ಟಿ.ವಿ. ತಯಾರಿಸುವ ಊರುಗಳು, ಅಷ್ಟೆ. ಪಠ್ಯಪುಸ್ತಕವೂ ಹೆಚ್ಚೇನೂ ನೆರವಾಗುವುದಿಲ್ಲ. ಚೀನಾ ಪ್ರಾಚೀನ ನಾಗರಿಕತೆಯ ಪಾಠದಲ್ಲಿ ಕಾಣಿಸಿಕೊಂಡು ಮಾಯವಾಗುತ್ತದೆ, ಮತ್ತೆ 1962ರ ಯುದ್ಧದಲ್ಲಿ ಎದುರಾಗುತ್ತದೆ. ಜಪಾನ್ ಬರುವುದು ಬಾಂಬಿನ ಜೊತೆಗೆ.

ಏಷ್ಯಾದ ಸಂಸ್ಕೃತಿ ಪರಿಚಯಿಸಿ ಎಂದರೆ ಎಷ್ಟೋ ಶಾಲೆಗಳಲ್ಲಿ ಒಂದು ದಿನದ ಹಬ್ಬ ಮಾಡುತ್ತಾರೆ. ಬಣ್ಣದ ಕಾಗದದ ದೀಪ, ತಲೆಗೆ ಸಿಕ್ಕಿಸಿದ ಎರಡು ಕಡ್ಡಿ, ಹಳೆಯ ಸೀರೆಯಲ್ಲಿ ಹೊಲಿದ ಕಿಮೋನೋ. ನನಗೆ ಇದು ಒಗ್ಗುವುದಿಲ್ಲ. ಛದ್ಮವೇಷ ಕಳಚಿದ ಮೇಲೆ ಮಕ್ಕಳ ತಲೆಯಲ್ಲಿ ಉಳಿಯುವುದು ‘ಅವರು ವಿಚಿತ್ರ ಜನ’ ಎಂಬುದೊಂದೇ. ಹಾಗಾಗಿ ನಾನು ಮಕ್ಕಳ ಕೈಯಲ್ಲೇ ಇರುವ ರೇಷ್ಮೆ ಗೂಡನ್ನು ಹಿಡಿದು ಹೊರಟೆ. ಈಗ ಪ್ರತಿ ವರ್ಷ ಒಂಬತ್ತನೇ ತರಗತಿಯಲ್ಲಿ ಕೆಲವು ವಾರ ಇದೇ ಪಾಠ.

ಮೊದಲ ತರಗತಿಯಲ್ಲಿ ನಕ್ಷೆಯನ್ನು ತೆಗೆಯುವುದೇ ಇಲ್ಲ. ಬಿಸಿಯೂಟದ ಅಡುಗೆಮನೆಯಿಂದ ಕುದಿಯುವ ನೀರು ತರಿಸಿ, ನಾಲ್ಕೈದು ಬಿಳಿ ಗೂಡುಗಳನ್ನು ಅದರಲ್ಲಿ ಬೇಯಲು ಬಿಡುತ್ತೇನೆ. ವಾಸನೆಗೆ ಶಿಕ್ಷಕರ ಕೊಠಡಿಯಿಂದ ಆಕ್ಷೇಪಣೆ ಬರುತ್ತದೆ, ಬರಲಿ. ಗೂಡು ಮೆತ್ತಗಾದ ಮೇಲೆ ಒಂದು ಕಡ್ಡಿಯಿಂದ ಸವರಿದರೆ ಮೇಲಿನ ಸಿಕ್ಕು ಸಿಕ್ಕಾದ ಎಳೆಗಳು ಕಡ್ಡಿಗೆ ಅಂಟಿಕೊಳ್ಳುತ್ತವೆ. ಅದನ್ನು ಎಳೆಯುತ್ತ ಹೋದರೆ ಕೊನೆಗೆ ಒಂದೊಂದು ಗೂಡಿನಿಂದ ಒಂದೇ ಎಳೆ ಬರತೊಡಗುತ್ತದೆ. ಎಲ್ಲ ಎಳೆಗಳನ್ನೂ ಸೇರಿಸಿ ಪರೀಕ್ಷೆಗೆ ಬಳಸುವ ರಟ್ಟಿಗೆ ಸುತ್ತುತ್ತ ಹೋಗಬೇಕು. ಗೂಡುಗಳು ಬಿಸಿನೀರಿನಲ್ಲಿ ಕುಣಿಯುತ್ತಿರುತ್ತವೆ, ಒಬ್ಬರು ಸುತ್ತು ಎಣಿಸುತ್ತಿರುತ್ತಾರೆ. ಈ ಕೆಲಸದಲ್ಲಿ ನನಗಿಂತ ಮಕ್ಕಳೇ ಪಳಗಿದವರು. ಎಳೆ ತುಂಡಾದರೆ ತುದಿ ಹುಡುಕಿ ಕೊಡುವವರೂ ಅವರೇ. ನಮ್ಮ ಹಳೆಯ ಮೈಸೂರು ತಳಿಯ ಹಸಿರು ಮಿಶ್ರಿತ ಹಳದಿ ಗೂಡಿನಲ್ಲಿ ಮುನ್ನೂರು, ನಾನೂರು ಮೀಟರ್ ಎಳೆ ಇದ್ದರೆ, ಈ ಬಿಳಿ ದ್ವಿತಳಿ (ಮೂಲತಃ ವರ್ಷಕ್ಕೆ ಎರಡು ಪೀಳಿಗೆ ಕಾಣುವ ತಳಿ) ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಇರುತ್ತದೆ. ಬಿಳಿ ಗೂಡು ನಮ್ಮೂರಿಗೆ ಬಂದದ್ದು ಎಲ್ಲಿಂದ ಎಂದು ಆಗ ಕೇಳುತ್ತೇನೆ. ‘ಚಾಕಿ ಕೇಂದ್ರದಿಂದ’, ಅಂದರೆ ಮರಿಹುಳು ಸಾಕಿ ಕೊಡುವ ಕೇಂದ್ರದಿಂದ, ಎಂಬ ಉತ್ತರ ಬಂದೇ ಬರುತ್ತದೆ. ಅದಕ್ಕೂ ಮೊದಲು? ಅಲ್ಲಿಂದ ಪಾಠ ಹಿಂದಕ್ಕೆ ಸಾಗುತ್ತದೆ.

1990ರ ದಶಕದಲ್ಲಿ ಜಪಾನಿನ ತಜ್ಞರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರ ಜೊತೆ ಸೇರಿ ದ್ವಿತಳಿ ಹುಳುಗಳ ಮೇಲೆ ಕೆಲಸ ಮಾಡಿದರು. ಸಿಎಸ್ಆರ್ ಎಂಬ ದ್ವಿತಳಿ ಹುಳುಗಳು ರೂಪುಗೊಂಡದ್ದು ಆ ಹೊತ್ತಿನಲ್ಲಿ. ಅದಕ್ಕೂ ನೂರು ವರ್ಷ ಹಿಂದೆ ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನೀಯರ ನೆರವಿನಿಂದ ರೇಷ್ಮೆ ತೋಟ ಮಾಡಿಸಿದ್ದರು. ಬಸವನಗುಡಿಯ ಬಳಿ ಆ ಜಾಗಕ್ಕೆ ಇವತ್ತಿಗೂ ಟಾಟಾ ಸಿಲ್ಕ್ ಫಾರ್ಮ್ ಎಂದೇ ಹೆಸರು. ಇನ್ನೂ ಹಿಂದೆ ಹೋದರೆ ಟಿಪ್ಪು ಸುಲ್ತಾನ್ ಹುಳು ತರಲು ಬಂಗಾಳಕ್ಕೆ ಜನರನ್ನು ಕಳಿಸಿದ್ದು ಅವನ ಪತ್ರಗಳಲ್ಲಿದೆ. ಇವೆಲ್ಲದರ ಹಿಂದೆ ಚೀನಾ ಇದೆ.

ಇಲ್ಲಿ ಕಥೆಗಳಿಗೆ ಬರವಿಲ್ಲ. ಚೀನೀ ಪುರಾಣದ ಹಳದಿ ಚಕ್ರವರ್ತಿಯ ಪತ್ನಿ ಲೇಯಿಜೂಳ ಚಹಾ ಬಟ್ಟಲಿಗೆ ಗೂಡು ಬಿದ್ದು ಎಳೆ ಬಿಚ್ಚಿಕೊಂಡಿತು ಎಂಬುದು ಒಂದು. ಮಧ್ಯ ಏಷ್ಯಾದ ಮರುಭೂಮಿಯಂಚಿನ ಖೋತಾನ್ ರಾಜ್ಯಕ್ಕೆ ಮದುವೆಯಾಗಿ ಹೊರಟ ಚೀನೀ ರಾಜಕುಮಾರಿ ಹುಳುವಿನ ಮೊಟ್ಟೆಗಳನ್ನು ಶಿರೋಭೂಷಣದಲ್ಲಿ ಅಡಗಿಸಿ ಗಡಿ ದಾಟಿಸಿದಳು ಎಂಬುದು ಇನ್ನೊಂದು. ಈ ಎರಡನೆಯದನ್ನು ಬರೆದಿಟ್ಟವನು ಹ್ಯೂಯೆನ್ ತ್ಸಾಂಗ್ ಎಂದಾಗ ತರಗತಿ ಎದ್ದು ಕೂರುತ್ತದೆ. ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೆ ಬಂದಿದ್ದನೆಂದು ಒಂದು ಅಂಕದ ಪ್ರಶ್ನೆಗಾಗಿ ಉರುಹೊಡೆದ ಹೆಸರು ಅದು. ಅದೇ ಮನುಷ್ಯ ಮರುಭೂಮಿಯ ಊರೊಂದರಲ್ಲಿ ಹುಳುವಿನ ಕಥೆ ಕೇಳಿಸಿಕೊಂಡಿದ್ದ!

ಕಥೆ ಹೇಳಿ ಅಲ್ಲಿಗೇ ಬಿಟ್ಟರೆ ಅದು ಇತಿಹಾಸದ ಪಾಠವಾಗುವುದಿಲ್ಲ. 1900ರಲ್ಲಿ ಪುರಾತತ್ವಜ್ಞ ಆರೆಲ್ ಸ್ಟೈನ್ ಖೋತಾನ್ ಬಳಿಯ ದಂಡಾನ್ ಓಯ್ಲಿಕ್‌ನಲ್ಲಿ ಅಗೆದಾಗ ಮರದ ಹಲಗೆಯೊಂದು ಸಿಕ್ಕಿತು. ಅದರ ಮೇಲಿನ ಚಿತ್ರದಲ್ಲಿ ಸೇವಕಿಯೊಬ್ಬಳು ರಾಜಕುಮಾರಿಯ ಶಿರೋಭೂಷಣದತ್ತ ಬೆರಳು ತೋರಿಸುತ್ತಿದ್ದಾಳೆ. ಈ ಚಿತ್ರವನ್ನು ಗೋಡೆಗೆ ಅಂಟಿಸಿ, ‘ಹಾಗಾದರೆ ಕಥೆ ನಿಜವೇ?’ ಎಂದು ಕೇಳುತ್ತೇನೆ. ಬಹುಪಾಲು ಮಕ್ಕಳು ಹೌದೆನ್ನುತ್ತಾರೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, ‘ನಮ್ಮೂರ ಗುಡಿಯ ಗೋಡೆಯ ಮೇಲೆ ಹನುಮಂತ ಸಂಜೀವಿನಿ ಬೆಟ್ಟ ಹೊತ್ತಿದ್ದಾನೆ ಮೇಡಂ, ಬರೆದವನು ಅದನ್ನು ನೋಡಿರಲಿಲ್ಲವಲ್ಲ’ ಎಂದ. ಆ ಜನ ಈ ಕಥೆಯನ್ನು ನಂಬಿದ್ದರು ಎಂಬುದಕ್ಕೆ ಹಲಗೆ ಸಾಕ್ಷಿ, ಕಥೆ ನಡೆಯಿತು ಎಂಬುದಕ್ಕಲ್ಲ. ನಾನು ಅರ್ಧ ಗಂಟೆ ವಿವರಿಸಬೇಕಿದ್ದುದನ್ನು ಅವನು ಮುಗಿಸಿಬಿಟ್ಟ.

‘ನಾವೇ ಮೊದಲು ಅಲ್ಲವೇ?’ ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಹರಪ್ಪದಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ರೇಷ್ಮೆ ಎಳೆಗಳು ಸಿಕ್ಕಿವೆ, ಆದರೆ ಅವು ಕಾಡು ಪತಂಗದ ಗೂಡಿನವು. ಹಿಪ್ಪುನೇರಳೆ ತಿನ್ನಿಸಿ ಮನೆಯೊಳಗೆ ಸಾಕುವ ಹುಳು ಚೀನಾದ್ದು. ಎರಡನ್ನೂ ಒಟ್ಟಿಗೇ ಹೇಳುತ್ತೇನೆ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಪಾಠ ಭಾಷಣವಾಗುತ್ತದೆ.

ಮಕ್ಕಳು ನಿಜವಾಗಿ ಒಳಗಿಳಿಯುವುದು ಜಪಾನಿನ ಭಾಗದಲ್ಲಿ. 1872ರಲ್ಲಿ ಅಲ್ಲಿನ ಸರ್ಕಾರ ತೊಮಿಯೋಕಾದಲ್ಲಿ ಫ್ರಾನ್ಸಿನ ಯಂತ್ರಗಳನ್ನಿಟ್ಟು ದೊಡ್ಡ ಫಿಲೇಚರ್ ತೆರೆಯಿತು. ನೂಲು ಬಿಚ್ಚಲು ಬಂದವರು ಹದಿಹರೆಯದ ಹುಡುಗಿಯರು. ಅದು ಮಾದರಿ ಕಾರ್ಖಾನೆ. ಮುಂದೆ ಖಾಸಗಿಯವರು ತೆರೆದ ಕಾರ್ಖಾನೆಗಳಲ್ಲಿ ಪಾಡು ಬೇರೆಯೇ ಆಗಿತ್ತು. ಹಿದಾ ಪ್ರದೇಶದ ಬಡ ರೈತರ ಹೆಣ್ಣುಮಕ್ಕಳು ನೊಮುಗಿ ಎಂಬ ಕಣಿವೆದಾರಿಯನ್ನು ಹಿಮದಲ್ಲಿ ನಡೆದು ದಾಟಿ ಕೆಲಸಕ್ಕೆ ಬರುತ್ತಿದ್ದರು. ಹನ್ನೆರಡು ಗಂಟೆಗೂ ಮೀರಿದ ದುಡಿಮೆ, ಹಬೆ ತುಂಬಿದ ಕೋಣೆ, ಎಷ್ಟೋ ಮಂದಿಗೆ ಕ್ಷಯ. ಜಪಾನ್ ಯಂತ್ರ, ಹಡಗುಗಳನ್ನು ಕೊಂಡ ವಿದೇಶಿ ಹಣದಲ್ಲಿ ಈ ಹುಡುಗಿಯರ ಬೆರಳುಗಳ ಪಾಲು ದೊಡ್ಡದು. ಇದನ್ನು ಹೇಳುವಾಗ ಒಬ್ಬ ಹುಡುಗಿ ಎದ್ದು, ‘ನಮ್ಮ ಅಮ್ಮನ ಬೆರಳ ತುದಿಯೂ ಬಿಸಿನೀರಿಗೆ ಬೆಳ್ಳಗಾಗಿ ಬಿರಿದಿರುತ್ತದೆ ಮೇಡಂ, ರಾತ್ರಿ ಸಾರಿಗೆ ಕೈ ಹಾಕಿದರೆ ಉರಿಯುತ್ತದೆ’ ಎಂದಳು. ಆ ಮೇಲೆ ‘ಜಪಾನೀಯರು ಶ್ರಮಜೀವಿಗಳು’ ಎಂಬ ಸವಕಲು ವಾಕ್ಯವನ್ನು ಯಾರೂ ಉತ್ತರ ಪತ್ರಿಕೆಯಲ್ಲಿ ಬರೆಯಲಿಲ್ಲ.

ಕೊರಿಯಾದಲ್ಲಿ ಗೂಡಿನೊಳಗಿನ ಕೋಶವನ್ನು (ಪತಂಗವಾಗುವ ಮುಂಚಿನ ಹುಳುವನ್ನು) ಬೇಯಿಸಿ ಬೀದಿಯಲ್ಲಿ ಮಾರುತ್ತಾರೆ ಎಂದರೆ ಇಡೀ ತರಗತಿ ‘ಥೂ’ ಎನ್ನುತ್ತದೆ. ಅನ್ನಲಿ ಎಂದು ಸುಮ್ಮನಿರುತ್ತೇನೆ. ಆಮೇಲೆ ನಮ್ಮ ಫಿಲೇಚರ್‌ನ ಕೋಶ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ, ಮೀನಿನ ಮತ್ತು ಕೋಳಿಯ ಮೇವಿಗೆ ಎಂದು ಅವರೇ ಹೇಳುತ್ತಾರೆ. ಕೋಳಿಯನ್ನು ತಿನ್ನುವವರು ಯಾರು ಎಂಬುದನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ. ಜಪಾನಿನ ರೇಷ್ಮೆ ಹಳ್ಳಿಗಳಲ್ಲಿ ಇಲಿಗಳಿಂದ ಹುಳುಗಳನ್ನು ಕಾಯಲೆಂದು ಬೆಕ್ಕಿಗೆ ಪೂಜೆ ಸಲ್ಲುತ್ತಿತ್ತು ಎಂಬುದಂತೂ ಎಲ್ಲರಿಗೂ ಇಷ್ಟ.

ಕಷ್ಟದ ಭಾಗ ಇವತ್ತಿನ ಚೀನಾ. ‘ಚೀನಾ ನೂಲು ಬಂದು ನಮ್ಮನ್ನು ಮುಳುಗಿಸಿತು’ ಎಂಬ ಮಾತು ಈ ಮಕ್ಕಳ ಮನೆಗಳಲ್ಲಿದೆ, ಅದು ಸುಳ್ಳೂ ಅಲ್ಲ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದಾಗ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದಿದ್ದರು. ಈ ಸಿಟ್ಟನ್ನು ಉಪದೇಶದಿಂದ ಆರಿಸಲು ನಾನು ಹೋಗುವುದಿಲ್ಲ. ಸುಂಕ ಇಳಿಸಿದವರು ಯಾರು, ಗೂಡು ಬೆಳೆದ ಅಲ್ಲಿನ ರೈತನೇ ಎಂದು ಕೇಳುತ್ತೇನೆ. ನೂಲು ಬಿಚ್ಚುವ ಸ್ವಯಂಚಾಲಿತ ಯಂತ್ರಗಳು ನಮ್ಮ ಕಡೆಗೆ ಚೀನಾದಿಂದಲೂ ಬಂದಿವೆ, ಅದನ್ನೂ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ವಾದ ಒಮ್ಮೊಮ್ಮೆ ಗಂಟೆ ಹೊಡೆದರೂ ಮುಗಿಯುವುದಿಲ್ಲ. ಕೆಲವರು ಸಿಟ್ಟು ಉಳಿಸಿಕೊಂಡೇ ಎದ್ದು ಹೋಗುತ್ತಾರೆ.

ಇದನ್ನು ಮಾಡಬೇಕೆಂದಿರುವ ಶಿಕ್ಷಕರಿಗೆ ರೇಷ್ಮೆಯೇ ಬೇಕೆಂದಿಲ್ಲ. ಚಿಕ್ಕಮಗಳೂರಿನವರಿಗೆ ಬಾಬಾ ಬುಡನ್ ಮತ್ತು ಯೆಮನ್‌ನ ಕಾಫಿ ಇದೆ. ಪಿರಿಯಾಪಟ್ಟಣದವರಿಗೆ ಬೈಲಕುಪ್ಪೆಯಲ್ಲಿ ಟಿಬೆಟನ್ನರೇ ನೆರೆಯವರು. ರೇಷ್ಮೆ ಸೀಮೆಯವರಾದರೆ ಮಾತ್ರ ಒಂದು ಎಚ್ಚರಿಕೆ: ಹುಳು ಇರುವಾಗ ಮಕ್ಕಳ ದಂಡು ಕಟ್ಟಿಕೊಂಡು ಸಾಕಣೆ ಮನೆಗೆ ನುಗ್ಗಬೇಡಿ. ಕಾಲಿನ ಧೂಳಿನಲ್ಲಿ ಸೋಂಕು ಹೋದರೆ ಆ ಮನೆಯ ಬೆಳೆಯೇ ಹೋಗುತ್ತದೆ. ಹುಳು ಚಂದ್ರಿಕೆ (ಗೂಡು ಕಟ್ಟಲು ಬಿಡುವ ತಟ್ಟಿ) ಹತ್ತಿ, ಗೂಡು ಕಟ್ಟಿದ ಮೇಲೆ, ಅದನ್ನು ಬಿಡಿಸುವ ದಿನ ಹೋಗಿ. ಆಗ ಅವರಿಗೂ ಕೆಲಸಕ್ಕೆ ಕೈಗಳು ಬೇಕಾಗಿರುತ್ತವೆ.